ಊರು ದೂರ, ಗಾಡಿ ಬಂದ್: ದಾರಿಯಲ್ಲೇ ಬೈಕಿನ ದೋಷ ಹುಡುಕುವ ಕ್ರಮ

ಜನ ಓಡಾಡದ ದಾರಿಯಲ್ಲಿ ಬೈಕು ನಿಂತರೆ ಎಲ್ಲರ ಕೈಯೂ ಮೊದಲು ಸ್ಪ್ಯಾನರಿನ ಕಡೆ ಹೋಗುತ್ತದೆ. ಹತ್ತು ನಿಮಿಷ ಅದನ್ನು ಮುಟ್ಟದೆ ಇರುವುದು ಒಳ್ಳೆಯದು. ಗಾಡಿ ಹೇಗೆ ನಿಂತಿತು ಎಂಬ ನೆನಪು ಹಸಿಯಾಗಿರುವಾಗಲೇ ಅದನ್ನು ಹಿಡಿದುಕೊಳ್ಳಬೇಕು. ದೋಷ ಎಲ್ಲಿದೆ ಎಂಬುದರ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಸತ್ತಿತೇ? ಹಾಗಿದ್ದರೆ ಕರೆಂಟಿನ ಕಡೆ ನೋಡಿ: ಕಿಲ್ ಸ್ವಿಚ್, ಫ್ಯೂಸ್, ಬ್ಯಾಟರಿ ಟರ್ಮಿನಲ್, ಇಗ್ನಿಷನ್ ಕಾಯಿಲ್. ಮಿಸ್ ಹೊಡೆಯುತ್ತಾ, ಕೆಮ್ಮುತ್ತಾ, ಒಂದಿಷ್ಟು ದೂರ ಎಳೆದಾಡಿ ನಿಂತಿತೇ? ಬಹುಪಾಲು ಪೆಟ್ರೋಲಿನ ತೊಂದರೆ. ಪಿಕಪ್ ಇಳಿಯುತ್ತಾ ಬಂದು, ಬಿಸಿಯೋ ಹೊಸ ಸದ್ದೋ ಜೊತೆಗಿದ್ದರೆ ಅದು ಇಂಜಿನ್ನಿನ ಒಳಗಿನ ವಿಷಯ. ಅಂಥ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಬಾರದು.

ಎರಡನೆಯ ಪ್ರಶ್ನೆ, ನಿಲ್ಲುವ ಮೊದಲು ಕೊನೆಯದಾಗಿ ಏನು ಬದಲಾಯಿತು ಎನ್ನುವುದು. ಪೆಟ್ರೋಲ್ ತುಂಬಿಸಿದಿರೇ, ಹಳ್ಳ ದಾಟಿದಿರೇ, ಗಾಡಿ ಬಿತ್ತೇ, ಮಳೆ ಬಂತೇ, ಹೊಸ ಲೈಟೋ ಮೊಬೈಲ್ ಚಾರ್ಜರೋ ಹಾಕಿಸಿದಿರೇ, ಲಗೇಜನ್ನು ಬೇರೆ ರೀತಿ ಕಟ್ಟಿದಿರೇ? ನಿನ್ನೆಯವರೆಗೆ ಸರಿಯಿದ್ದ ಗಾಡಿಯಲ್ಲಿ ಎರಡು ಭಾಗ ಒಟ್ಟಿಗೆ ಕೆಡುವುದು ಅಪರೂಪ. ಬದಲಾದ ಜಾಗದಿಂದಲೇ ಹುಡುಕಾಟ ಶುರುವಾಗಲಿ.

ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ಪ್ಲಗ್ಗೂ ಬದಲಿಸಿ, ಫಿಲ್ಟರೂ ತೆಗೆದು, ಕನೆಕ್ಟರೂ ಅಲುಗಾಡಿಸಿದ ಮೇಲೆ ಗಾಡಿ ಸ್ಟಾರ್ಟ್ ಆದರೆ ದೋಷ ಯಾವುದಿತ್ತೆಂದು ಗೊತ್ತಾಗುವುದಿಲ್ಲ. ಮುಂದಿನ ಘಾಟಿಯಲ್ಲಿ ಅದೇ ಮತ್ತೆ ಕಾಡುತ್ತದೆ. ಬಿಚ್ಚುವ ಮುನ್ನ ಫೋನಿನಲ್ಲಿ ಫೋಟೊ ತೆಗೆದಿಡಿ. ಬಿಚ್ಚಿದ ಬೋಲ್ಟುಗಳನ್ನು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಿ. ಮರಳಿನಲ್ಲಿ ಬಿದ್ದ 6 ಎಂಎಂ ಬೋಲ್ಟ್ ಸಿಗುವುದಿಲ್ಲ.

ಏನನ್ನೂ ಬಿಚ್ಚದೆ ನೋಡಬೇಕಾದವು

ಕಿಲ್ ಸ್ವಿಚ್ ಎಂದರೆ ನಗು ಬರುತ್ತದೆ, ಆದರೂ ಮೊದಲು ನೋಡಬೇಕಾದದ್ದು ಅದನ್ನೇ. ದಪ್ಪ ಗ್ಲೌಸಿನ ಹೆಬ್ಬೆರಳು ತಾಗಿಯೋ, ಟ್ಯಾಂಕ್ ಬ್ಯಾಗು ಹ್ಯಾಂಡಲ್ ತಿರುವಿದಾಗ ಒತ್ತಿಯೋ ಅದು ಆಫ್ ಆಗಿರುತ್ತದೆ. ಎರಡು ಕಡೆಗೂ ನಾಲ್ಕೈದು ಸಲ ಆಡಿಸಿ. ಒಳಗೆ ಧೂಳು ಕೂತಿದ್ದರೆ ಅಷ್ಟಕ್ಕೇ ಸರಿಹೋಗುವುದುಂಟು.

ನ್ಯೂಟ್ರಲ್‌ನಲ್ಲಿ ಇಂಜಿನ್ ಚೆನ್ನಾಗಿ ಓಡಿ, ಗೇರ್ ಹಾಕಿದ ಕೂಡಲೇ ಬಂದ್ ಆದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ಎಂದೇ ತಿಳಿಯಿರಿ. ಅದು ಗಾಡಿಯ ಅತಿ ಕೆಳಗಿನ ಸ್ವಿಚ್. ಕೆಸರು, ಜಲ್ಲಿ, ನೀರು ಎಲ್ಲವೂ ಮೊದಲು ಬಡಿಯುವುದು ಅದಕ್ಕೆ. ನೀರು ಹಾಕಿ ತೊಳೆದು, ಸ್ಟ್ಯಾಂಡನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಮಾಡಿ ನೋಡಿ. ಆಗಲೂ ಆಗದಿದ್ದರೆ, ಎರಡೇ ವೈರಿನ ಸ್ವಿಚ್ ಆಗಿದ್ದಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಸ್ಟ್ಯಾಂಡ್ ಮೇಲಿದ್ದಾಗ ಕೂಡಬೇಕಾದ ಸ್ವಿಚ್ ಕೂಡುತ್ತಿಲ್ಲವೆಂದರೆ ಗಾಡಿಯ ಕಡೆಯ ಎರಡು ವೈರನ್ನು ಸೇರಿಸಿ ಟೇಪ್ ಸುತ್ತಿ ಮುಂದೆ ಹೋಗಬಹುದು. ಆ ಬಳಿಕ ಸ್ಟ್ಯಾಂಡ್ ಎತ್ತುವ ನೆನಪು ನಿಮ್ಮದೇ. ಮೂರು ವೈರಿನ ಸೆನ್ಸರ್ ಆಗಿದ್ದರೆ ಸೇರಿಸಲು ಹೋಗಬೇಡಿ.

ಗಾಡಿ ಅಡ್ಡಬಿದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ, ಇಂಜೆಕ್ಷನ್ ಗಾಡಿಯಲ್ಲಿ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದು) ಬಾಗುವಿಕೆ ಗುರುತಿಸುವ ಸೆನ್ಸರ್ ಇಂಜಿನ್ನನ್ನು ಬಂದ್ ಮಾಡಿರುತ್ತದೆ. ನೇರ ನಿಲ್ಲಿಸಿ, ಕೀ ಆಫ್ ಮಾಡಿ, ಐದಾರು ಸೆಕೆಂಡ್ ಬಿಟ್ಟು ಮತ್ತೆ ಆನ್ ಮಾಡಿ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ ಹಳೆಯ ಬಗೆಯ ಗಾಡಿಯಾದರೆ ಪೆಟ್ರೋಲ್ ಒಳಗೆ ತುಂಬಿಕೊಂಡಿರುತ್ತದೆ. ಚೋಕ್ ಹಾಕದೆ, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಸ್ಟಾರ್ಟ್ ಮಾಡಿ.

ಬ್ಯಾಟರಿ ಟರ್ಮಿನಲ್‌ಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ಬೆರಳಿಗೇ ಅಲುಗಿದರೆ ಅದು ಲೂಸು. ಗುಂಡಿಬಿದ್ದ ರಸ್ತೆಯಲ್ಲಿ ಒಂದು ದಿನ ಓಡಿದರೆ ಈ ಸ್ಕ್ರೂ ಸಡಿಲವಾಗುವುದು ಮಾಮೂಲು.

ಸೆಲ್ಫ್ ಒತ್ತಿದಾಗ ಕೇಳುವ ಸದ್ದು

ಟಕಟಕಟಕ ಎಂದು ಬೇಗಬೇಗ ಬಡಿದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಸೆಲ್ಫ್ ಒತ್ತಿದೊಡನೆ ಮೀಟರ್ ಕತ್ತಲಾಗಿ ಅದರ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾದರೂ ಅದೇ ಅರ್ಥ. ಒಂದೇ ಒಂದು ದಪ್ಪ "ಟಕ್" ಕೇಳಿ ಮುಂದೆ ಏನೂ ಆಗದಿದ್ದರೆ ಸ್ಟಾರ್ಟರ್ ರಿಲೇಯ ಒಳಗಿನ ಸಂಪರ್ಕ ಸುಟ್ಟಿರಬಹುದು, ಸ್ಟಾರ್ಟರ್ ಮೋಟರ್ ಹಿಡಿದಿರಬಹುದು, ಇಲ್ಲವೇ ಇಂಜಿನ್ನೇ ತಿರುಗದಂತೆ ಆಗಿರಬಹುದು. ಟಾಪ್ ಗೇರ್ ಹಾಕಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಇಂಜಿನ್ ತಿರುಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಈಗಷ್ಟೇ ನೀರು ದಾಟಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಅದರ ಕಾರಣ ಕೆಳಗಿದೆ. ಯಾವ ಸದ್ದೂ ಇಲ್ಲದಿದ್ದರೆ ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಸೆಲ್ಫ್ ಬಟನ್, ಫ್ಯೂಸ್, ಈ ಸಾಲಿನಲ್ಲಿ ನೋಡಿ.

ಮಲ್ಟಿಮೀಟರ್ ಇದ್ದರೆ ಊಹೆಯ ಕೆಲಸವೇ ಇಲ್ಲ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಗಾಡಿ ನಿಂತಿರುವಾಗ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಖಾಲಿಯೆಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗಿನ ಓದು ಇನ್ನೂ ಮುಖ್ಯ. ಆಗ 10 ವೋಲ್ಟಿನ ಆಸುಪಾಸು ನಿಲ್ಲಬೇಕು. ನಿಂತಾಗ 12.6 ತೋರಿಸಿ ಸೆಲ್ಫ್ ಒತ್ತಿದಾಗ 7–8ಕ್ಕೆ ಕುಸಿದರೆ ಬ್ಯಾಟರಿಯ ಒಳಗಿನ ಸೆಲ್ ಹೋಗಿದೆ, ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾದರೆ ಅರ್ತ್ (ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿಗೆ ಬರುವ ವೈರು) ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರಿನ ತುದಿ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ.

ತಳ್ಳಿ ಸ್ಟಾರ್ಟ್ ಮಾಡುವಾಗ ಎರಡನೆಯ ಅಥವಾ ಮೂರನೆಯ ಗೇರ್ ಹಾಕಿ. ಮೊದಲನೆಯದರಲ್ಲಿ, ಅದರಲ್ಲೂ ಮಣ್ಣು ರಸ್ತೆಯಲ್ಲಿ, ಹಿಂದಿನ ಚಕ್ರ ಜಾರುತ್ತದೆಯೇ ಹೊರತು ಇಂಜಿನ್ ತಿರುಗುವುದಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ದಣಿಯಬೇಡಿ. ಪೆಟ್ರೋಲ್ ಪಂಪಿಗೂ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೂ ಸಾಕಷ್ಟು ವೋಲ್ಟ್ ಇಲ್ಲದೆ ಅದು ಹತ್ತುವುದಿಲ್ಲ. ಕೀ ಆನ್ ಮಾಡಿದಾಗ ಪಂಪಿನ ಸದ್ದು ಬಂದರೆ ಮಾತ್ರ ತಳ್ಳುವುದಕ್ಕೆ ಅರ್ಥವಿದೆ. ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದರೆ ಕಾರಿನ ಇಂಜಿನ್ ಆಫ್ ಇರಲಿ. ಕೆಂಪು ಕೇಬಲ್ ಪ್ಲಸ್ಸಿಗೆ, ಕಪ್ಪನ್ನು ಕೊನೆಯಲ್ಲಿ ನಿಮ್ಮ ಗಾಡಿಯ ಇಂಜಿನ್ ಲೋಹಕ್ಕೆ ಹಿಡಿಯಿರಿ.

ಸೆಲ್ಫ್ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ

ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಎರಡು ನಿಮಿಷದ ಈ ಕೆಲಸ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಬಿಚ್ಚುವ ಮುನ್ನ ಪ್ಲಗ್ ಸುತ್ತಲಿನ ಮಣ್ಣನ್ನು ಊದಿ ತೆಗೆಯಲು ಮರೆಯಬೇಡಿ, ಒಳಗೆ ಬಿದ್ದ ಒಂದು ಹರಳು ಸಾಕು ಸಿಲಿಂಡರ್ ಗೀರಲು.

ಕಿಡಿ ನೋಡುವಾಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಸೆಲ್ಫ್ ಹೊಡೆಯಿರಿ. ಪ್ಲಗ್ ರಂಧ್ರದಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಸೆಲ್ಫ್ ಹೊಡೆದರೆ ಕಾಯಿಲ್, ಸಿಡಿಐ (ಕಿಡಿ ಹೊತ್ತಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡುವ ಅಪಾಯವಿದೆ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಸರಿ. ಹಳದಿ ಬಣ್ಣದ ಸಣಕಲು ಕಿಡಿಯಾದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಕ್ಯಾಪ್ ಬಿಚ್ಚಿ ವೈರಿನ ತುದಿಯನ್ನು 5 ಎಂಎಂ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.9 ಎಂಎಂ. ಪ್ಲಗ್ ಮತ್ತೆ ಹಾಕುವಾಗ ಕೈಯಲ್ಲೇ ಕೂರುವ ತನಕ ತಿರುಗಿಸಿ. ಆಮೇಲೆ ಸ್ಪ್ಯಾನರಿನಿಂದ ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಹಳೆಯದಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗ ಸಾಕು. ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಹೋದರೆ ದಾರಿಯಲ್ಲಿ ರಿಪೇರಿಯಿಲ್ಲ.

ಪೆಟ್ರೋಲ್ ಕಡೆಗೆ ಬಂದರೆ, ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಹರಿವು ನಿಲ್ಲದೆ ಬರಬೇಕು. ಸ್ವಲ್ಪ ಬಂದು ನಿಂತರೆ ಕಾಕ್, ಫಿಲ್ಟರ್ ಅಥವಾ ಫ್ಲೋಟ್ ಸೂಜಿ ಅಡ್ಡವಾಗಿದೆ. ಬಾಟಲಿಯನ್ನು ಕಾಲು ಗಂಟೆ ಅಲುಗಾಡಿಸದೆ ಇಟ್ಟರೆ ನೀರು ತಳದಲ್ಲಿ ಪದರವಾಗಿ ಬೇರೆ ನಿಲ್ಲುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ನೀರು ಹೆಚ್ಚಾದರೆ ಎಥೆನಾಲೂ ಅದರೊಡನೆ ಕೆಳಗಿಳಿಯುವುದರಿಂದ ಆ ಪದರ ಸೇರಿದ ನೀರಿಗಿಂತ ದಪ್ಪ ಕಾಣುತ್ತದೆ. ನೀರು ಕಂಡರೆ ಬೌಲನ್ನು ಎರಡು ಮೂರು ಸಲ ಖಾಲಿ ಮಾಡಿ. ಕಾರ್ಬೊರೇಟರಿನಿಂದ ಪೆಟ್ರೋಲ್ ಹೊರಗೆ ಸುರಿಯುತ್ತಿದ್ದರೆ ಫ್ಲೋಟ್ ಸಿಕ್ಕಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲಿಗೆ ಮೆಲ್ಲಗೆ ತಟ್ಟಿ. ಆಮೇಲೆ ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸುವ ತನಕ ಓಡಿಸಬಾರದು.

ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿ ಟ್ಯಾಂಕಿಗೆ ಕಿವಿ ಕೊಡಿ. ಎರಡು ಮೂರು ಸೆಕೆಂಡ್ "ಗುಂಯ್" ಎಂದು ನಿಲ್ಲಬೇಕು. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ, ಕನೆಕ್ಟರ್. ಫ್ಯಾನ್ ಅಥವಾ ಹೆಡ್‌ಲೈಟಿನ ರಿಲೇ ಅದೇ ಮಾದರಿಯದಾಗಿದ್ದರೆ ಅದಲು ಬದಲು ಮಾಡಿ ನೋಡುವುದು ಎಲ್ಲಕ್ಕಿಂತ ಬೇಗದ ಪರೀಕ್ಷೆ. ಇಂಜೆಕ್ಷನ್ ಪೈಪಿನಲ್ಲಿ ಹೆಚ್ಚೂಕಡಿಮೆ 3 ಬಾರ್ ಒತ್ತಡ ಇರುತ್ತದೆ, ಬಿಸಿ ಇಂಜಿನ್ ಮೇಲೆ ಅದನ್ನು ಕೀಳಬೇಡಿ.

ಬಿಸಿಯಾದಾಗ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸುವ ದೋಷ ಇದು, ಏಕೆಂದರೆ ಪರೀಕ್ಷಿಸುವ ಹೊತ್ತಿಗೆ ಗಾಡಿ ಸರಿಯಾಗಿರುತ್ತದೆ. ಇಲ್ಲಿ ಎರಡು ಆರೋಪಿಗಳು: ಗಾಳಿ ಒಳಬರದಂತೆ ಮುಚ್ಚಿದ ಟ್ಯಾಂಕಿನ ವೆಂಟ್, ಮತ್ತು ಬಿಸಿಗೆ ಒಳಗೇ ತುಂಡಾಗುವ ಇಗ್ನಿಷನ್ ಕಾಯಿಲ್ ಅಥವಾ ಕಿಡಿಯ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್. ನಿಂತ ಆ ಕ್ಷಣದಲ್ಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸುಸ್" ಎಂದು ಗಾಳಿ ಒಳಗೆ ಎಳೆದುಕೊಂಡು, ಮಿನಿಟಿನಲ್ಲಿ ಗಾಡಿ ಹತ್ತಿದರೆ ವೆಂಟ್ ಕಟ್ಟಿದೆ. ಟ್ಯಾಂಕ್ ಬ್ಯಾಗಿನ ಕೆಳಗೆ ವೆಂಟ್ ಪೈಪು ಮಡಚಿರಬಹುದು, ಮುಚ್ಚಳದ ತೂತಿನಲ್ಲಿ ಕೆಸರು ಒಣಗಿರಬಹುದು. ಮುಚ್ಚಳ ತೆಗೆದರೂ ಹತ್ತದಿದ್ದರೆ ತಣಿಯಲು ಬಿಡದೆ ಆಗಲೇ ಕಿಡಿ ನೋಡಿ. ಬಿಸಿಯಲ್ಲಿ ಇಲ್ಲದ ಕಿಡಿ ತಣಿದ ಮೇಲೆ ಬಂದರೆ ಕಾಯಿಲ್ ಬದಲಿಸದೆ ಗತಿಯಿಲ್ಲ. ಅಲ್ಲಿಯ ತನಕ ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪ ದೂರ ಓಡಿಸಿ ತಣಿಸುತ್ತಾ ಸಾಗಬಹುದು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಆಗದು ಎಂದರೆ ಕಂಪ್ರೆಷನ್. ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಬೆರಳನ್ನು ಎತ್ತಿ ಹಾಕುವಷ್ಟು ಗಾಳಿ ಬರಬೇಕು. ಬಾರದಿದ್ದರೆ ಒಂದು ಟೀ ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿ. ಒತ್ತಡ ಹೆಚ್ಚಿದರೆ ರಿಂಗ್ ಸವೆದಿದೆ, ಹಾಗೇ ಇದ್ದರೆ ವಾಲ್ವ್ ಕೂರುತ್ತಿಲ್ಲ. ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಗ್ಯಾಪ್ ಇಲ್ಲದಷ್ಟು ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಫೀಲರ್ ಗೇಜ್ ಮತ್ತು ಗಾಡಿಯ ಅಳತೆ ಗೊತ್ತಿದ್ದರೆ, ಸ್ಕ್ರೂ ಮಾದರಿಯ ಟ್ಯಾಪೆಟ್ಟನ್ನು ಇಂಜಿನ್ ತಣಿದ ಮೇಲೆ ದಾರಿಯಲ್ಲೇ ಸರಿಪಡಿಸಬಹುದು.

ಓಡುತ್ತದೆ, ಆದರೆ ಸರಿಯಾಗಿ ಅಲ್ಲ

ಕಾರ್ಬೊರೇಟರ್ ಗಾಡಿಯಲ್ಲಿ ಆಕ್ಸಿಲರೇಟರ್ ಎಷ್ಟು ತಿರುವಿದಾಗ ತೊಂದರೆ ಬರುತ್ತದೆ ಎಂಬುದೇ ಯಾವ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಎಂದು ಹೇಳುತ್ತದೆ. ಐಡ್ಲಿಂಗ್ ನಿಲ್ಲದೆ ಚೋಕ್ ಹಾಕಿದರೆ ಮಾತ್ರ ಓಡಿದರೆ ಪೈಲಟ್ ಜೆಟ್ ಕಟ್ಟಿದೆ. ಕಾಲು ಭಾಗದಿಂದ ಮುಕ್ಕಾಲಿನ ತನಕ ತಡವರಿಸಿದರೆ ಸೂಜಿಯ ಸ್ಥಾನ. ಪೂರ್ತಿ ತಿರುವಿದಾಗ ಮಾತ್ರ ಉಸಿರುಗಟ್ಟಿದರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ಟನ್ನು ತಂತಿಯಿಂದ ಚುಚ್ಚಬೇಡಿ, ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ನೈಲಾನ್ ದಾರ ಅಥವಾ ಟೈರಿಗೆ ಗಾಳಿ ಹೊಡೆಯುವ ಪಂಪು ಸಾಕು.

ಎತ್ತರದ ಘಾಟಿಗಳಲ್ಲಿ ಕಾರ್ಬೊರೇಟರ್ ಗಾಡಿ ಕಪ್ಪು ಹೊಗೆ ಬಿಟ್ಟು ಸೊರಗುವುದು ದೋಷವಲ್ಲ. ಪ್ರತಿ 1000 ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಇಳಿಯುತ್ತದೆ, ಆದರೆ ಜೆಟ್ ಮೊದಲಿನಷ್ಟೇ ಪೆಟ್ರೋಲ್ ಕೊಡುತ್ತಿರುತ್ತದೆ. ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಮೇಲಕ್ಕೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಇಳಿದು ಬಂದ ದಿನವೇ ಅದನ್ನು ಹಿಂದಿನ ಸ್ಥಾನಕ್ಕೆ ತನ್ನಿ, ಇಲ್ಲದಿದ್ದರೆ ಕೆಳಗಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತದೆ. ಇಂಜೆಕ್ಷನ್ ಗಾಡಿ ತನ್ನ ಲೆಕ್ಕ ತಾನೇ ಸರಿಪಡಿಸಿಕೊಳ್ಳುತ್ತದೆ. ಅದರ ಶಕ್ತಿಯೂ ಇಳಿಯುತ್ತದೆ, ಹೊಗೆ ಮಾತ್ರ ಬಾರದು.

ಐಡ್ಲಿಂಗ್ ಏರಿ ಹಾಗೇ ನಿಂತು ತಡವಾಗಿ ಇಳಿದರೆ ಕಾರ್ಬೊರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಇಂಜಿನ್ ಓಡುವಾಗ ಅದರ ಸುತ್ತ ನೀರು ಚಿಮುಕಿಸಿ. ಸದ್ದು ಬದಲಾದರೆ ಗಾಳಿ ಸೋರುವುದು ಅಲ್ಲೇ. ಟ್ಯೂಬಿನ ತುಂಡು ಸುತ್ತಿ ಎರಡು ಕ್ಲಾಂಪ್ ಬಿಗಿದರೆ ಊರು ತಲುಪುತ್ತೀರಿ.

ಹೊಸ ಜಾಗದಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಏರಿನಲ್ಲಿ ಕಿಣಿಕಿಣಿ ಸದ್ದು ಬಂದರೆ ಪೆಟ್ರೋಲಿನ ಗುಣಮಟ್ಟ ಕಡಿಮೆಯಿದೆ. ಗೇರ್ ಇಳಿಸಿ, ಆರ್‌ಪಿಎಂ ಸ್ವಲ್ಪ ಮೇಲಿಟ್ಟು, ಆಕ್ಸಿಲರೇಟರ್ ಹಗುರ ಹಿಡಿದು ಹೋಗಿ. ಟಾಪ್ ಗೇರಿನಲ್ಲಿ ಎಳೆಸಿದಷ್ಟೂ ಪಿಸ್ಟನ್ನಿಗೆ ಪೆಟ್ಟು.

ಫ್ಯೂಸ್, ವೈರು, ಚಾರ್ಜಿಂಗ್

ಸುಟ್ಟ ಫ್ಯೂಸ್ ಬದಲಿಸಿದ ಕೂಡಲೇ ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಡಬ್ಬಿಯ ಫ್ಯೂಸೆಲ್ಲ ಹೀಗೆ ಖಾಲಿ ಮಾಡಬೇಡಿ. ಅದರ ಜಾಗಕ್ಕೆ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ತುಂಡು ವೈರಿನಿಂದ ಸಿಕ್ಕಿಸಿ. ಶಾರ್ಟ್ ಇರುವಷ್ಟು ಹೊತ್ತು ಬಲ್ಬು ಪೂರ್ತಿ ಉರಿಯುತ್ತದೆ. ಈಗ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ, ವೈರುಗಳನ್ನು ಒಂದೊಂದಾಗಿ ಅಲುಗಿಸಿ, ಹೆಚ್ಚುವರಿ ಲೈಟು ಚಾರ್ಜರುಗಳ ಕನೆಕ್ಟರ್ ಕಿತ್ತು ನೋಡುತ್ತಾ ಹೋಗಿ. ಬಲ್ಬು ಮಂಕಾದ ಅಥವಾ ಆರಿದ ಜಾಗವೇ ದೋಷದ ಜಾಗ. ಹ್ಯಾಂಡಲ್ ಕೋನ್ ಸೆಟ್ಟಿನ ಬಳಿ, ಸೀಟಿನ ಕೆಳಗೆ ಲಗೇಜ್ ಕ್ಯಾರಿಯರ್ ಬೋಲ್ಟಿನ ಬಳಿ, ಸೈಲೆನ್ಸರ್ ಹತ್ತಿರ, ಹೆಚ್ಚಾಗಿ ಈ ಮೂರರಲ್ಲಿ ಒಂದು. ಫ್ಯೂಸ್ ಜಾಗಕ್ಕೆ ಸಿಗರೇಟ್ ಹಾಳೆ, ತಂತಿ ಹಾಕುವ ಚಾಲಾಕಿ ಬೇಡ. ಫ್ಯೂಸ್ ಬದಲು ವೈರಿಂಗ್ ಕಟ್ಟು ಸುಡುತ್ತದೆ, ಅದು ಇರುವುದು ಟ್ಯಾಂಕಿನ ಕೆಳಗೆ.

ಬೆಳಿಗ್ಗೆ ಬ್ಯಾಟರಿ ಸರಿಯಿದ್ದು ಮಧ್ಯಾಹ್ನ ಇಳಿದಿದ್ದರೆ ಚಾರ್ಜಿಂಗ್ ನೋಡಿ. ಇಂಜಿನ್ನನ್ನು 4000–5000 ಆರ್‌ಪಿಎಂಗೆ ರೇಸ್ ಮಾಡಿ ಬ್ಯಾಟರಿಯ ಮೇಲೆ ಅಳೆದರೆ 13.8ರಿಂದ 14.7 ವೋಲ್ಟ್ ಇರಬೇಕು. 12.5ರ ಆಸುಪಾಸು ನಿಂತು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟ್ ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಬಲ್ಬುಗಳು ಸುಡುತ್ತವೆ, ಬ್ಯಾಟರಿ ಊದಿಕೊಳ್ಳುತ್ತದೆ, ರೆಗ್ಯುಲೇಟರಿನ ಕನೆಕ್ಟರ್ ಕಿತ್ತು ಬರೀ ಬ್ಯಾಟರಿಯ ಮೇಲೆ ಓಡಿಸುವುದೇ ವಾಸಿ.

ಚಾರ್ಜ್ ಆಗದಿದ್ದಾಗ ಇಂಜಿನ್ನಿನಿಂದ ಮೇಲೆ ಬರುವ ಮೂರು ವೈರಿನ (ಹೆಚ್ಚಿನ ಗಾಡಿಗಳಲ್ಲಿ ಮೂರೂ ಹಳದಿ) ಕನೆಕ್ಟರನ್ನು ಮೊದಲು ಬಿಚ್ಚಿ ಕಣ್ಣಲ್ಲೇ ನೋಡಿ. ಕಂದು ಬಣ್ಣಕ್ಕೆ ತಿರುಗಿ ಕರಗಿದ ಪ್ಲಾಸ್ಟಿಕ್ ಕಂಡರೆ ದೋಷ ಸಿಕ್ಕಂತೆ. ಕನೆಕ್ಟರ್ ಕತ್ತರಿಸಿ ವೈರುಗಳನ್ನು ನೇರ ಬಿಗಿಯಾಗಿ ಸೇರಿಸಿ, ಒಂದೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಿ. ಅದು ಚೆನ್ನಾಗಿದ್ದರೆ ಇಂಜಿನ್ ಬಂದ್ ಮಾಡಿ, ಮೀಟರಿನಲ್ಲಿ ಒಂದೊಂದು ಹಳದಿ ವೈರಿಗೂ ಇಂಜಿನ್ ಲೋಹಕ್ಕೂ ಸಂಪರ್ಕ ಇದೆಯೇ ನೋಡಿ. ಇದ್ದರೆ ಸ್ಟೇಟರ್ (ಇಂಜಿನ್ನೊಳಗೆ ಕರೆಂಟ್ ಹುಟ್ಟಿಸುವ ತಂತಿಯ ಸುರುಳಿ) ಸುಟ್ಟಿದೆ. ಇಲ್ಲದಿದ್ದರೆ ಇಂಜಿನ್ ಓಡಿಸಿ, ಎಸಿ ವೋಲ್ಟಿಗೆ ಇಟ್ಟ ಮೀಟರಿನಿಂದ ಎರಡೆರಡು ವೈರನ್ನು ಮೂರು ಜೋಡಿಯಾಗಿ ಅಳೆಯಿರಿ. ಮೂರೂ ಹೆಚ್ಚೂಕಡಿಮೆ ಸಮನಾಗಿದ್ದು ರೇಸ್ ಮಾಡಿದಂತೆ ಏರಿದರೆ ಸ್ಟೇಟರ್ ಸರಿ, ರೆಗ್ಯುಲೇಟರ್ ಅಥವಾ ಅದರಿಂದ ಬ್ಯಾಟರಿಗೆ ಹೋಗುವ ವೈರು ಕೆಟ್ಟಿದೆ. ಇಲ್ಲಿ ಹತ್ತಾರು ವೋಲ್ಟ್ ಹರಿಯುತ್ತಿರುತ್ತದೆ, ಬರಿಗೈ ತಾಗಿಸಬೇಡಿ.

ಚಾರ್ಜಿಂಗ್ ಇಲ್ಲದೆಯೂ ಸ್ವಲ್ಪ ದೂರ ಹೋಗಬಹುದು. ಪಂಪು, ಇಸಿಯು, ಕಾಯಿಲ್ ಸೇರಿ 6 ಆಂಪಿಯರ್ ಎಳೆಯುತ್ತವೆ ಎಂದುಕೊಂಡರೆ 10 ಆಂಪಿಯರ್ ಅವರ್ ಬ್ಯಾಟರಿ ಲೆಕ್ಕದಲ್ಲಿ 100 ನಿಮಿಷ. ವೋಲ್ಟ್ ಕುಸಿಯುವುದರಿಂದ ಅದರ ಅರ್ಧವನ್ನಷ್ಟೇ ನಂಬಿ. ಹಗಲಲ್ಲಿ ಹೊರಡಿ, ಹೆಡ್‌ಲೈಟಿನ ಫ್ಯೂಸ್ ಕೀಳಿ, ಫೋನ್ ಚಾರ್ಜರ್ ತೆಗೆಯಿರಿ, ದಾರಿಯಲ್ಲಿ ಎಲ್ಲೂ ಇಂಜಿನ್ ಆಫ್ ಮಾಡಬೇಡಿ.

ನೀರು ಕುಡಿದ ಇಂಜಿನ್

ಹಳ್ಳದ ಮಧ್ಯೆ ಗಾಡಿ ನಿಂತರೆ ಸೆಲ್ಫ್ ಮುಟ್ಟಬೇಡಿ. ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನ್ಯೂಟ್ರಲ್‌ನಲ್ಲಿ ದಡಕ್ಕೆ ತಳ್ಳಿ, ಏರ್ ಫಿಲ್ಟರ್ ಪೆಟ್ಟಿಗೆ ತೆಗೆದು ಒಳಗೆ ನೋಡಿ. ಫಿಲ್ಟರ್ ಒಣಗಿದ್ದರೆ ಇಂಜಿನ್ ಒಳಗೆ ನೀರು ಹೋಗಿಲ್ಲ, ಪ್ಲಗ್ ಕ್ಯಾಪ್ ಒರೆಸಿ ಸ್ಟಾರ್ಟ್ ಮಾಡಬಹುದು.

ಫಿಲ್ಟರ್ ನೆನೆದಿದ್ದರೆ ಪ್ಲಗ್ಗುಗಳನ್ನೆಲ್ಲ ತೆಗೆಯಿರಿ. ಕ್ಯಾಪಿಗೆ ಪ್ಲಗ್ ಸಿಕ್ಕಿಸಿ ಅರ್ತ್ ಮಾಡಿ, ಇಂಜೆಕ್ಷನ್ ಗಾಡಿಯಲ್ಲಿ ಪಂಪಿನ ಫ್ಯೂಸ್ ಕಿತ್ತಿಡಿ. ಆಮೇಲೆ ಸೆಲ್ಫ್ ಒತ್ತಿದರೆ ನೀರು ರಂಧ್ರದಿಂದ ಚಿಮ್ಮುತ್ತದೆ, ಮುಖ ದೂರ ಇರಲಿ. ಬರೀ ಗಾಳಿ ಬರುವ ತನಕ ಬಿಟ್ಟು ಬಿಟ್ಟು ಒತ್ತಿ. ಸೈಲೆನ್ಸರಿನ ನೀರು ಹೋಗಲು ಮುಂದಿನ ಚಕ್ರ ಎತ್ತಿ ನಿಲ್ಲಿಸಿ. ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ, ಫಿಲ್ಟರ್ ಹಿಂಡಿ ಒಣಗಿಸಿ. ಕಾಗದದ ಫಿಲ್ಟರನ್ನು ಹಿಂಡಲಾಗದು, ಬಿಸಿಲಿಗಿಡಿ. ಕೊನೆಗೆ ಆಯಿಲ್ ಗಾಜು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಆಯಿಲ್ ಬದಲಿಸದೆ ಓಡಿಸಬಾರದು. ಒಮ್ಮೆ ಬದಲಿಸಿದರೂ ಪೂರ್ತಿ ಹೋಗದು, ಕಡಿಮೆ ಬೆಲೆಯ ಆಯಿಲಿನಿಂದ ಎರಡು ಮೂರು ಸಲ ತೊಳೆಯಬೇಕಾದೀತು.

ಬಿಸಿ, ಸೋರಿಕೆ, ಸದ್ದು

ಆಯಿಲ್ ಲೈಟ್ ಉರಿದರೆ ಕಿಲ್ ಸ್ವಿಚ್ ಒತ್ತಿ. ಮುಂದಿನ ತಿರುವಿನ ತನಕ ಹೋಗೋಣ ಎನ್ನುವ ಲೆಕ್ಕವೇ ಬೇಡ. ಮಟ್ಟ ಕಡಿಮೆಯಿದ್ದರೆ ತುಂಬಿಸಿ ನೋಡಿ. ಮಟ್ಟ ಸರಿಯಿದ್ದೂ ಲೈಟ್ ಆರದಿದ್ದರೆ ಪಂಪು ಒತ್ತಡ ಕೊಡುತ್ತಿಲ್ಲ, ಇಲ್ಲವೇ ಸ್ವಿಚ್ಚಿನ ವೈರು ಎಲ್ಲೋ ಮೈಗೆ ತಾಗುತ್ತಿದೆ. ಸ್ವಿಚ್ಚಿನಿಂದ ವೈರು ಕಿತ್ತು, ಬೇರೆಲ್ಲೂ ತಾಗದಂತೆ ಹಿಡಿದು ಕೀ ಆನ್ ಮಾಡಿ. ಆಗಲೂ ಲೈಟ್ ಉರಿದರೆ ವೈರು ಉಜ್ಜಿದೆ ಎಂದರ್ಥ. ಆರಿದರೆ ಒತ್ತಡ ನಿಜಕ್ಕೂ ಇಲ್ಲವೆಂದೇ ನಂಬಿ ಗಾಡಿ ಎಳೆಸಿ.

ಕೂಲಂಟ್ ಗಾಡಿ ಕಾದರೆ ಮೊದಲು ರೇಡಿಯೇಟರಿನ ಕೆಸರು ತೊಳೆಯಿರಿ, ಆಮೇಲೆ ಫ್ಯಾನ್ ತಿರುಗುತ್ತಿದೆಯೇ ನೋಡಿ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಕಲ್ಲು ಬಡಿದು ಒಂದು ಕೊಳವೆ ಮಾತ್ರ ತೂತಾಗಿದ್ದರೆ ಅದನ್ನು ಕತ್ತರಿಸಿ, ಎರಡೂ ತುದಿ ಮಡಚಿ, ಪ್ಲೈಯರಿನಿಂದ ಚಪ್ಪಟೆ ಒತ್ತಿ. ಉಳಿದ ಕೊಳವೆಗಳು ಕೆಲಸ ಮಾಡುತ್ತವೆ. ತುರ್ತಿಗೆ ಬರೀ ನೀರು ತುಂಬಬಹುದು, ಆದರೆ ರಾತ್ರಿ ಹೆಪ್ಪುಗಟ್ಟುವ ಚಳಿಯಿದ್ದರೆ ಮಲಗುವ ಮುನ್ನ ಅದನ್ನು ಇಳಿಸಿಬಿಡಿ, ಹಿಗ್ಗಿದ ಮಂಜುಗಡ್ಡೆ ಇಂಜಿನ್ ಬ್ಲಾಕನ್ನೇ ಒಡೆಯುತ್ತದೆ. ಇಂಜಿನ್ ಓಡುವಾಗ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಇಂಜಿನ್ ಕೇಸ್ ಬಿರುಕು ಬಿಟ್ಟರೆ, ಬಿರುಕು ಮೇಲ್ಬದಿಗೆ ಬರುವಂತೆ ಗಾಡಿ ಮಲಗಿಸಿ, ಜಿಡ್ಡು ಪೂರ್ತಿ ಒರೆಸಿ, ಸ್ಯಾಂಡ್ ಪೇಪರಿನಿಂದ ಗೀರಿ, ಎರಡು ಉಂಡೆ ಕಲಸುವ ಎಪಾಕ್ಸಿ ಒತ್ತಿ. ಜಿಡ್ಡು ಉಳಿದರೆ ಅದು ಹಿಡಿಯುವುದೇ ಇಲ್ಲ. ಅದು ಗಟ್ಟಿಯಾಗುವ ತನಕ ಕಾಯಿರಿ.

ಸದ್ದಿನ ಮೂಲ ಹುಡುಕಲು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿ. ಹೆಡ್ಡಿನಲ್ಲಿ ಹಗುರ ಟಿಕ್ ಟಿಕ್ ಎಂದರೆ ಟ್ಯಾಪೆಟ್, ಓಡಿಸಬಹುದು. ಆಕ್ಸಿಲರೇಟರ್ ಬಿಟ್ಟಾಗ ಒಂದು ಬದಿಯಲ್ಲಿ ಗಲಗಲ ಎಂದರೆ ಟೈಮಿಂಗ್ ಚೈನ್ ಸಡಿಲ, ಹೆಚ್ಚು ರೇಸ್ ಮಾಡದೆ ಹೋಗಿ. ಕೆಳಗಿನಿಂದ, ಭಾರ ಬಿದ್ದಾಗ ಹೆಚ್ಚುವ ದಪ್ಪ "ಡಬ್ ಡಬ್" ಎಂದರೆ ದೊಡ್ಡ ಬೇರಿಂಗ್. ಅಲ್ಲೇ ನಿಲ್ಲಿಸಿ.

ಕ್ಲಚ್, ಚೈನ್, ಚಕ್ರ, ಬ್ರೇಕು

ರೇಸ್ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಲಿವರ್ ತುದಿಯಲ್ಲಿ 10–15 ಎಂಎಂ ಸಡಿಲ ಇರಬೇಕು. ಅದಿಲ್ಲದಿದ್ದರೆ ಪ್ಲೇಟು ಪೂರ್ತಿ ಕೂಡುತ್ತಿಲ್ಲ, ಅಡ್ಜಸ್ಟರ್ ತಿರುಗಿಸಿದರೆ ಮುಗಿಯಿತು. ಕಾರಿನ ಆಯಿಲ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಆಯಿಲೇ ಕಾರಣ. ಇಂಜಿನ್ ಆಯಿಲಿನಲ್ಲೇ ಮುಳುಗಿರುವ ಒದ್ದೆ ಕ್ಲಚ್ಚಿಗೆ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತಿರುವ ಆಯಿಲೇ ಬೇಕು. ಕೇಬಲ್ ತುಂಡಾದರೆ ಇಂಜಿನ್ ಸ್ಟಾರ್ಟ್ ಇಟ್ಟು ನ್ಯೂಟ್ರಲ್‌ನಲ್ಲಿ ತಳ್ಳುತ್ತಾ ನಡಿಗೆಯ ವೇಗ ಬಂದಾಗ ಮೊದಲ ಗೇರ್ ಒತ್ತಿ. ಮೇಲಿನ ಗೇರುಗಳಿಗೆ ಆಕ್ಸಿಲರೇಟರ್ ಒಂದು ಕ್ಷಣ ಬಿಟ್ಟರೆ ಸಾಕು. ಹೊರಡುವ ಮುನ್ನವೇ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟವರಿಗೆ ಈ ಸರ್ಕಸ್ ಇಲ್ಲ.

ಚೈನಿನ ಸಡಿಲವನ್ನು ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ: ರಸ್ತೆ ಗಾಡಿಗೆ ಸಾಮಾನ್ಯವಾಗಿ 25–35 ಎಂಎಂ, ಉದ್ದ ಸಸ್ಪೆನ್ಷನ್ನಿನವಕ್ಕೆ 35–50. ಹಿಂದಿನ ಸ್ಪ್ರಾಕೆಟ್ಟಿನಿಂದ ಚೈನನ್ನು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧ ಕಂಡರೆ ಎರಡೂ ಸವೆದಿವೆ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಅಂದರೆ ಮೇಲಿನ ಸಾಲಿನಲ್ಲಿ ಮುಂದಕ್ಕೆ ಇರಬೇಕು.

ಗಾಡಿ ಹಿಂದೆ ತೇಲಾಡಿದರೆ ಮೊದಲು ಟೈರಿನ ಗಾಳಿ. ಅದು ಸರಿಯಿದ್ದರೆ ಚಕ್ರವನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಡ್ಡ ಅಲುಗಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ, ನಡಿಗೆಯ ವೇಗದಲ್ಲಿ ಹತ್ತಿರದ ಊರಿನ ತನಕ ಮಾತ್ರ.

ಉದ್ದ ಇಳಿಜಾರಿನ ಕೊನೆಗೆ ಬ್ರೇಕ್ ಲಿವರ್ ಸ್ಪಂಜಿನಂತೆ ಆದರೆ ಬ್ರೇಕ್ ಆಯಿಲ್ ಕುದಿದಿದೆ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ, ತೇವ ಹೀರಿದ್ದು 155ರ ಹತ್ತಿರವೇ ಕುದಿಯಬಹುದು. ತಣಿದ ಮೇಲೆ ಲಿವರ್ ಗಟ್ಟಿಯಾಗುತ್ತದೆ, ಆದರೆ ಮುಂದಿನ ಇಳಿಜಾರಿನಲ್ಲಿ ಮತ್ತೆ ಹೋಗುತ್ತದೆ, ಗೇರಿನಲ್ಲೇ ಇಳಿಯಿರಿ. ತಣಿದ ಮೇಲೂ ಸರಿಹೋಗದಿದ್ದರೆ ಪೈಪಿನ ಬೋಲ್ಟುಗಳ ಬಳಿ ಒದ್ದೆ ಹುಡುಕಿ.

ಸಹಾಯ ಕೇಳುವಾಗ

ಓಡಿಸಲಾಗದು ಎಂದು ತೀರ್ಮಾನಿಸಿದ ಮೇಲೆ, ಸಿಗ್ನಲ್ ಸಿಕ್ಕ ಜಾಗದಿಂದ ಒಂದೇ ಸಂದೇಶದಲ್ಲಿ ಎಲ್ಲವನ್ನೂ ಕಳಿಸಿ: ಗಾಡಿಯ ಮಾದರಿ ಮತ್ತು ವರ್ಷ, ಚಾಸಿ ಸಂಖ್ಯೆ, ಕೆಟ್ಟ ಭಾಗದ ಎರಡು ಬದಿಯ ಫೋಟೊ, ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ, ಕನೆಕ್ಟರಿನ ಪಿನ್ನುಗಳ ಎಣಿಕೆ, ಅಳೆದ ವೋಲ್ಟುಗಳು. "ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಮೆಕ್ಯಾನಿಕ್ ಕೇಳುವ ಹತ್ತು ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟರಲ್ಲಿ ಫೋನಿನ ಚಾರ್ಜೂ ಮುಗಿದಿರುತ್ತದೆ. ಇನ್ನೊಂದು ಬೈಕಿನಿಂದ ಎಳೆಸುವುದಾದರೆ ಹಗ್ಗವನ್ನು ಗಂಟು ಹಾಕಬೇಡಿ. ಎಡಗಡೆಯ ಫುಟ್‌ರೆಸ್ಟಿಗೆ ಒಂದು ಸುತ್ತು ಹಾಕಿ ತುದಿಯನ್ನು ಬೂಟಿನ ಕೆಳಗೆ ಒತ್ತಿ ಹಿಡಿಯಿರಿ, ಗಾಡಿ ವಾಲಿದರೆ ಕಾಲೆತ್ತಿದ ಕೂಡಲೇ ಹಗ್ಗ ಬಿಡುತ್ತದೆ.